ಬೆಟಗೇರಿಯಲ್ಲಿ ಬಿಳಿಚಿಕೊಂಡ ಆಕ್ಸಲಾಟಲ್

೧. ಎಲ್ಲಿಂದ ಶುರು ಮಾಡಲಿ? ಮುಂಡರಗಿಯ ಶೈಲಾ ಮದುವೆಯಾಗಿ ಬೆಟಗೇರಿಗೆ ಬಂದಳು ಎಂದರೆ ಮುಂದಿನದನ್ನೆಲ್ಲ ನೀವೇ ಊಹಿಸಿಬಿಡುತ್ತೀರಿ. ಹಾಗಾಗಿ, ಅವಳ ಜೊತೆ ಒಂದು ಗಾಜಿನ ತೊಟ್ಟಿಯೂ ಬಂತು ಎನ್ನುತ್ತೇನೆ. ಅದರೊಳಗೆ ನಾಲ್ಕು ಕಾಲಿನ, ಕುತ್ತಿಗೆಯ ಎರಡೂ ಬದಿ ಗರಿಯಂಥ ಕಿವಿರುಗಳಿದ್ದ, ಎರೆಮಣ್ಣಿನ ಬಣ್ಣದ, ಆಕ್ಸಲಾಟಲ್ ಎಂಬ ನೀರಿನ ಪ್ರಾಣಿ.

"ಇದೇನವಾ, ಹಲ್ಲಿಗೆ ಈಜಾಕ ಕಲಿಸೀಯೇನು?" ಎಂದರು ಅತ್ತೆ ಅನ್ನಪೂರ್ಣವ್ವ.

೨. ಬೇಸಿಗೆ ಬರುವಷ್ಟರಲ್ಲಿ ಅದು ಬಿಳಿಚಿಕೊಂಡಿತು.

(ಇಲ್ಲಿ ಒಂದಿಡೀ ಪುಟ ಬರೆದು ಹರಿದೆ. ಅದರಲ್ಲಿ ಆ ಬಣ್ಣ, ತವರು ನೆನೆದು ಸೊರಗುವ ಸೊಸೆಯದಾಗಿತ್ತು. ಶೈಲಾ ಓದಿ ಸಿಟ್ಟಾದಳು: "ಸರ್, ನಾ ಚಂದಂಗ ಉಂಡು ಮಲಗಾಕತ್ತೀನಿ. ಅದಕ್ಕೇನಾಗೇತಿ ಅದನ್ನ ಬರೀರಿ.")

ಆಯಿತು, ಬರೆಯುತ್ತೇನೆ. ಗದಗಿನ ಬಿಸಿಲಿಗೆ ನೀರು ಕಾದಿರಬೇಕೆಂದು ಶೈಲಾ ಫ್ರಿಜ್ ತುಂಬ ನೀರಿನ ಬಾಟಲಿ ಗಡ್ಡೆಗಟ್ಟಿಸಿ ತೊಟ್ಟಿಯಲ್ಲಿ ತೇಲಿಬಿಟ್ಟಳು. ಗಂಡ ಕೊಟ್ರೇಶನ ಮೊಸರಿಗೆ ಜಾಗ ಉಳಿಯಲಿಲ್ಲ. ನೀರು ತಣ್ಣಗಾಯಿತು. ಪ್ರಾಣಿಯ ಮೈ ಮಾತ್ರ ದಿನದಿನಕ್ಕೂ ತಿಳಿಯಾಗುತ್ತ ಹೋಯಿತು. ಹೆದರಿಕೆಯಲ್ಲಿ ಶೈಲಾ ಅನ್ನಬಾರದ್ದನ್ನು ಅಂದಳು:

"ನಾ ಊರಿಗೆ ಹೋದಾಗ ತೊಟ್ಟಿ ಸಬಕಾರ ಹಚ್ಚಿ ತೊಳದ್ರೇನ್ರಿ, ಅತ್ತಿ?"

ಅನ್ನಪೂರ್ಣವ್ವನ ಮುಖ ಸಣ್ಣದಾಯಿತು. "ಬರೀ ನೀರಿಲೆ ತೊಳದೀನವಾ. ಚಂದ ಕಾಣಲಿ ಅಂತ ತಳಕ್ಕ ಬಿಳಿ ಟೈಲ್ಸ್ ಇಟ್ಟೆ. ನೀನೂ ಚಲೋ ಆತು ಅಂದಿದ್ದಿ."

ಆಮೇಲೆ ಇಬ್ಬರೂ ಮಾತು ಬಿಟ್ಟರು. (ಕಥೆಗಾರನಿಗೆ ಇಂಥ ಮೌನ ಇಷ್ಟ. ಮನೆಯಲ್ಲಿರುವವರಿಗೆ ಅಲ್ಲ.)

೩. ಶೈಲಾ ದನದ ಡಾಕ್ಟರ್ ಪವಮಾನ ಅವರಿಗೆ ಫೋನ್ ಮಾಡಿದಳು.

"ಕಿವಿರು ಕೆಂಪಗ ಅದಾವೇನು? ತಿಂತದೇನು?"

"ಹೌದ್ರಿ, ತಿಂತೈತಿ."

"ತಳ ಏನರ ಬದಲ್ ಮಾಡೀರೇನು?"

ಶೈಲಾ ತೊಟ್ಟಿಯ ಕಡೆ ತಿರುಗಿದಳು. ಬೆಳ್ಳಗಿನ ಟೈಲ್ಸ್, ಅದರ ಮೇಲೆ ಬೆಳ್ಳಗಿನ ಪ್ರಾಣಿ.

"ಕುಂತ ಜಾಗಾ ಬೆಳ್ಳಗಿದ್ರ ಇವು ಮೈನೂ ತಿಳಿ ಮಾಡ್ಕೋತಾವ. ರೋಗ ಅಲ್ಲ ತಂಗಿ. ಕಿವಿರು ಬಿಳಿಚಿದ್ರ, ತಿನ್ನೂದು ಬಿಟ್ರ ಜಲ್ದಿ ಹೇಳ್ರಿ."

ಫೋನ್ ಇಟ್ಟವಳೇ ಅಡುಗೆಮನೆಗೆ ಹೋದಳು. "ತಪ್ಪಾತ್ರಿ ಅತ್ತಿ. ಸುಮ್ಮನ ನಿಮ್ಮನ್ನ ಅಂದೆ."

ರೊಟ್ಟಿ ಬಡಿಯುವ ಕೈ ನಿಂತಿತು. "ಹಂಗಾರ ಅದು ಸಾಯಂಗಿಲ್ಲ?"

"ಇಲ್ರಿ."

ಅನ್ನಪೂರ್ಣವ್ವ ಸೆರಗಿನಿಂದ ಕಣ್ಣೊರೆಸಿಕೊಂಡರು. ಆಗಲೇ ಶೈಲಾಗೆ ಗೊತ್ತಾದದ್ದು, ಹೆದರಿದವಳು ತಾನೊಬ್ಬಳೇ ಅಲ್ಲ ಎಂದು.

೪. ಮುಗಿಸಲು ನನ್ನ ಬಳಿ ಎರಡು ದಾರಿಗಳಿವೆ. ಟೈಲ್ಸ್ ತೆಗೆಸುತ್ತೇನೆ, ಅದು ಮತ್ತೆ ಕಪ್ಪಾಗುತ್ತದೆ. ಇಲ್ಲವೇ ಅಲ್ಲೇ ಬಿಡುತ್ತೇನೆ, ಬೆಳ್ಳಗೇ ಉಳಿಯುತ್ತದೆ.

"ಅರ್ಧ ತಗಿಯವಾ, ಅರ್ಧ ಇರಲಿ. ಎಲ್ಲಿ ಬೇಕು ಅಲ್ಲಿ ಕುಂಡ್ರಲಿ," ಎಂದರು ಅನ್ನಪೂರ್ಣವ್ವ. ನನ್ನನ್ನು ಅವರು ಕೇಳಲೇ ಇಲ್ಲ.

ಇನ್ನೊಂದನ್ನೂ ಕೇಳಲಿಲ್ಲ. ಮೊಟ್ಟೆಯೂ ಹೊಸ್ತಿಲು ದಾಟದ ಆ ಮನೆಯಲ್ಲಿ, ಕಣ್ಣು ಗಟ್ಟಿಯಾಗಿ ಮುಚ್ಚಿ, ಚಿಮಟಿಗೆಯಲ್ಲಿ ಎರೆಹುಳವೊಂದನ್ನು ಹಿಡಿದು ತೊಟ್ಟಿಯ ಮೇಲೆ ಬಾಗಿದರು. ಶೈಲಾ ಪಕ್ಕದಲ್ಲೇ ಬಾಗಿದಳು. ಗಾಜಿಗೆ ಇಬ್ಬರೂ ಅಡ್ಡ. ಪ್ರಾಣಿ ಈಗ ಯಾವ ಬಣ್ಣದಲ್ಲಿದೆ, ಯಾವ ಅರ್ಧದಲ್ಲಿ ಕೂತಿದೆ, ನನಗೆ ಕಾಣುತ್ತಿಲ್ಲ. ಸ್ವಲ್ಪ ಸರಿಯಿರಿ ಎಂದೆ.

"ತಡೀರಿ ಸರ್," ಎಂದಳು ಶೈಲಾ, "ಬಾಯಿ ತಗದೈತಿ."