ವಿಮಾನ ಹತ್ತಿದ ಕೋಟು

ಬೀದಿಯವರೆಲ್ಲ ಟೇಪಕ್ಕ ಎಂದು ಕರೆಯುತ್ತಿದ್ದ ಆ ದರ್ಜಿಯ ಕೊರಳಿನಿಂದ ಅಳತೆಯ ಟೇಪು ಇಳಿಯುತ್ತಿದ್ದುದು ಸ್ನಾನಕ್ಕೆ ಹೋಗುವಾಗ ಮಾತ್ರ. ವಿಮಾನ ಹತ್ತುವುದು ಇದೇ ಮೊದಲು, ಆದರೆ ಹೆದರಿಕೆ ಅವಳ ಜಾಯಮಾನದಲ್ಲೇ ಇರಲಿಲ್ಲ. ಟಿಕೆಟ್ಟು ಬಂದ ದಿನವೇ ಕನ್ನಡಕ ಏರಿಸಿಕೊಂಡು ಅದರ ಅಡಿಯ ಸಣ್ಣ ಅಕ್ಷರಗಳನ್ನೆಲ್ಲ ಓದಿ ಮುಗಿಸಿದ್ದಳು. ದೊಡ್ಡ ಪೆಟ್ಟಿಗೆಗೆ ತೂಕದ ಮಿತಿ, ಅದು ವಿಮಾನದ ಹೊಟ್ಟೆಯೊಳಗೆ ಹೋಗುತ್ತದೆ. ನಮ್ಮ ಜೊತೆಗೇ ಬರುವ ಕೈಚೀಲಕ್ಕೆ ತೂಕದ ಮೇಲೆ ಉದ್ದ, ಅಗಲ, ದಪ್ಪದ ಮಿತಿಯೂ ಉಂಟು. ಅದರಲ್ಲಿ ಕತ್ತರಿ, ಬ್ಲೇಡು ಕೂಡದು. ಬಟ್ಟೆ ಹೊಲಿಸಲು ಬಂದವರಿಗೆಲ್ಲ ಇದನ್ನು ಬಾಯಿಪಾಠ ಒಪ್ಪಿಸಿದ್ದಳು. ಸುಮ್ಮನೆ ಗುಂಡಿ ಹಾಕಿಸಿಕೊಂಡು ಹೋಗಲು ಬಂದವರಿಗೂ ತಪ್ಪಿಸಿಕೊಳ್ಳಲಾಗಲಿಲ್ಲ.

ಇಷ್ಟೆಲ್ಲ ತಯಾರಿ ಒಂದು ಕೋಟಿಗಾಗಿ. ದೂರದ ಊರಿನ ಶಾಲೆಯಲ್ಲಿ ಅವಳ ತಂಗಿ ಸಂಗೀತದ ಟೀಚರು. ಹುಟ್ಟಿನಿಂದಲೇ ತಂಗಿಯ ಬಲ ಹೆಗಲು ಎಡದ್ದಕ್ಕಿಂತ ತಗ್ಗು. ಎಲ್ಲಿಗೆ ಹೋದರೂ ಕೊನೆಯ ಸಾಲಿನಲ್ಲಿ ಗೋಡೆಗೊರಗಿ ಕೂರುವಳು, ಸೆಖೆಯಲ್ಲೂ ಶಾಲು ಹೊದ್ದಿರುವಳು. ನಡೆಯುವಾಗ ಎಲ್ಲರನ್ನೂ ಮುಂದೆ ಬಿಟ್ಟು ತಾನು ಹಿಂದೆ ಬರುವಳು. ಬೆನ್ನ ಮೇಲೆ ಯಾರ ಕಣ್ಣೂ ಬೀಳಕೂಡದು. ಅಂಥವಳಿಗೆ ಈಗ ಮಕ್ಕಳ ಗಾಯನ ತಂಡವನ್ನು ದೊಡ್ಡ ಸಭಾಂಗಣದಲ್ಲಿ ಮುನ್ನಡೆಸುವ ಅವಕಾಶ ಬಂದಿತ್ತು. ಮುನ್ನಡೆಸುವವರು ಮಕ್ಕಳಿಗೆ ಮುಖ ಮಾಡಿ, ಇಡೀ ಸಭೆಗೆ ಬೆನ್ನು ಹಾಕಿ ನಿಲ್ಲಬೇಕು.

“ನೀನು ಹೊಲಿದ ಕೋಟಿದ್ರೆ ನಿಲ್ತೀನಿ ಅಕ್ಕ,” ಎಂದು ಅವಳು ಫೋನಿನಲ್ಲಿ ಹೇಳಿದ್ದಳು. “ಇಲ್ದಿದ್ರೆ ಇನ್ನೊಬ್ಬ ಟೀಚರಿಗೆ ಬಿಟ್ಕೊಡ್ತೀನಿ.”

ಅಕ್ಕ ಹೊಲಿದಳು. ಕಡುನೀಲಿ ಬಟ್ಟೆಯ, ಸೊಂಟದವರೆಗಿನ ಗಿಡ್ಡ ಕೋಟು. ಬಲ ಹೆಗಲಿಗೆ ಒಳಗಿನಿಂದ ಪದರ ಪದರವಾಗಿ ಹತ್ತಿಯ ಮೆತ್ತೆ ಕೊಟ್ಟು, ಗಟ್ಟಿ ಕ್ಯಾನ್ವಾಸು ಹಾಕಿ, ಇಸ್ತ್ರಿಯ ಹಬೆಯಲ್ಲಿ ಕೂರಿಸಿದಳು. ತಂಗಿ ತೊಟ್ಟರೆ ಎರಡು ಹೆಗಲೂ ಒಂದೇ ಮಟ್ಟ. ಆದರೆ ಅದನ್ನು ಮಡಿಸುವಂತಿಲ್ಲ, ಅದುಮುವಂತಿಲ್ಲ. ಮಡಿಸಿದರೆ ಕ್ಯಾನ್ವಾಸು ಮುರಿದು ಹೆಗಲಿನ ಆಕಾರವೇ ಕೆಟ್ಟುಹೋಗುತ್ತದೆ. ದೊಡ್ಡ ಪೆಟ್ಟಿಗೆಗೆ ಹಾಕುವ ಮಾತೇ ಇಲ್ಲ. ನಡುವೆ ಒಂದೂರಲ್ಲಿ ವಿಮಾನ ಬದಲಿಸಬೇಕಿತ್ತು. ಪೆಟ್ಟಿಗೆ ಅಲ್ಲೇ ಉಳಿದುಬಿಟ್ಟರೆ ಮರುದಿನದ ಕಾರ್ಯಕ್ರಮಕ್ಕೆ ಕೋಟೂ ಇಲ್ಲ, ತಂಗಿಯೂ ಇಲ್ಲ.

ಅಂಗಡಿಯ ಕೈಚೀಲಗಳಿಗೆಲ್ಲ ಮೂಗು ಮುರಿದು ಟೇಪಕ್ಕ ತಾನೇ ದಪ್ಪ ಬಟ್ಟೆಯ ಚೀಲ ಹೊಲಿದಳು. ನಿಯಮದಲ್ಲಿ ಎಷ್ಟಿದೆಯೋ ಅಷ್ಟೇ, ಒಂದು ನೂಲು ಹೆಚ್ಚಿಲ್ಲ. ಕೋಟಿನ ಹೆಗಲೊಳಗೆ ಕಾಗದದ ಉಂಡೆ ತುಂಬಿ ಚೀಲದಲ್ಲಿ ಕೂರಿಸಿದಳು. ಬಸ್ ಕಂಡಕ್ಟರಾಗಿ ನಿವೃತ್ತನಾದ ಅವಳ ಗಂಡ ಪಕ್ಕದಲ್ಲಿ ಕೂತು, ತನ್ನ ಬಸ್ಸಿನಲ್ಲಿ ಯಾವ ಲಗೇಜಿಗೆ ಏನು ಕಟ್ಟಳೆ ಇತ್ತೆಂದು ಬೇಡವೆಂದರೂ ವಿವರಿಸಿದ. ಬಸ್ಸೇ ಬೇರೆ ವಿಮಾನವೇ ಬೇರೆ ಎಂದು ಅವಳು ಅವನ ಮಾತಿಗೆ ಸೊಪ್ಪು ಹಾಕಲಿಲ್ಲ.

ಅವಳನ್ನು ಬೀಳ್ಕೊಡಲು ಗಂಡನೂ ಪಾಸು ತೆಗೆದುಕೊಂಡು ವಿಮಾನ ನಿಲ್ದಾಣದ ಒಳಗೆ ಬಂದಿದ್ದ. ಕೌಂಟರಿನಲ್ಲಿ ದೊಡ್ಡ ಪೆಟ್ಟಿಗೆ ಓಡುವ ಪಟ್ಟಿಯ ಮೇಲೆ ಸಾಗಿ ಕಣ್ಮರೆಯಾಯಿತು. ಕೌಂಟರಿನ ಹುಡುಗಿ ಪಕ್ಕದಲ್ಲಿದ್ದ ಕಬ್ಬಿಣದ ಚೌಕಟ್ಟನ್ನು ತೋರಿಸಿ, ಕೈಚೀಲ ಅದರೊಳಗೆ ಇಳಿಯಬೇಕು ಎಂದಳು. ಇಳಿಯದೆ ಏನು ಮಾಡೀತು ಎಂಬ ಠೀವಿಯಲ್ಲಿ ಟೇಪಕ್ಕ ಇಳಿಸಿದಳು. ಚೀಲ ಅರ್ಧಕ್ಕೇ ಸಿಕ್ಕಿಕೊಂಡಿತು.

ತಪ್ಪು ಎಲ್ಲಾಯಿತೆಂದು ಅವಳಿಗೆ ಆ ಕ್ಷಣವೇ ಹೊಳೆಯಿತು. ಖಾಲಿ ಚೀಲವನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಹರಡಿ ಅಳೆದಿದ್ದಳು. ಕೋಟಿನ ಹೆಗಲು ಒಳಗೆ ಕೂತ ಮೇಲೆ ಚೀಲ ಉಬ್ಬಿತ್ತು. ಊಟವಾದ ಮೇಲೆ ಹೊಟ್ಟೆ ಬರುತ್ತದೆಂದು ಪ್ರತಿ ಗಿರಾಕಿಯ ಸೊಂಟಕ್ಕೂ ಒಂದಿಷ್ಟು ಸಡಿಲ ಬಿಡುವವಳು, ಚೀಲಕ್ಕೂ ಹೊಟ್ಟೆಯಿದೆ ಎಂಬುದನ್ನು ಮರೆತಿದ್ದಳು. ಹೊಲಿಗೆ ಬಿಚ್ಚಿ ಸರಿಮಾಡೋಣವೆಂದರೆ ಕತ್ತರಿ ನಿಯಮದ ಪ್ರಕಾರ, ಸೂಜಿದಾರ ಅದರ ಜೊತೆಗೆ, ಎಲ್ಲ ದೊಡ್ಡ ಪೆಟ್ಟಿಗೆಯಲ್ಲಿ ಹೊರಟುಹೋಗಿದ್ದವು. ಜೀವನದಲ್ಲಿ ಮೊದಲ ಬಾರಿಗೆ ಅವಳು ಹೆದರಿದಳು.

ಹುಡುಗಿ ಒಳ್ಳೆಯವಳೇ. ಚೀಲವನ್ನೂ ಕೆಳಗೆ ಕಳಿಸುತ್ತೇನೆ, ಚಿಂತೆ ಬೇಡ ಎಂದು ಚೀಟಿ ಕಟ್ಟಲು ಕೈ ಚಾಚಿದಳು. ಟೇಪಕ್ಕ ಚೀಲವನ್ನು ಎದೆಗವಚಿಕೊಂಡಳು. ಕೋಟನ್ನು ತೋಳಿನ ಮೇಲೆ ಹಾಕಿಕೊಳ್ಳಿ ಎಂದು ಹಿಂದಿನವರು ಯಾರೋ ಹೇಳಿದರು. ತೋಳಿನ ಮೇಲೆ ಹಾಕಿದರೆ ನಡುವೆ ಮಡಿಸಿದಂತೆಯೇ ಲೆಕ್ಕ. ಇಂಥ ಕೋಟಿಗೆ ಇರುವ ಜಾಗ ಎರಡೇ, ಹ್ಯಾಂಗರು ಇಲ್ಲವೇ ಹೆಗಲು ಎಂದು ಅವಳು ಸಿಡುಕಿದಳು.

ಅಷ್ಟರವರೆಗೂ ಬೈಸಿಕೊಳ್ಳುವ ಭಯಕ್ಕೆ ಸುಮ್ಮನಿದ್ದ ಗಂಡ ಬಾಯಿ ಬಿಟ್ಟ. “ಅಷ್ಟು ವರ್ಷ ಬಸ್ಸಲ್ಲಿದ್ದೆ. ಮೈಮೇಲೆ ಹಾಕ್ಕೊಂಡಿದ್ದಕ್ಕೆ ಒಂದು ದಿನಾನೂ ಲಗೇಜ್ ಟಿಕೆಟ್ ಹರಿದಿಲ್ಲ ಕಣೆ.”

ಟೇಪಕ್ಕ ಹುಡುಗಿಯ ಮುಖ ನೋಡಿದಳು. ಹುಡುಗಿ ನಕ್ಕು, ಆಗಬಹುದೆಂದು ತಲೆಯಾಡಿಸಿದಳು. ಗಂಡನ ಬಸ್ಸಿಗೂ ವಿಮಾನಕ್ಕೂ ಒಂದು ಕಟ್ಟಳೆಯಾದರೂ ಸಮನಾಗಿತ್ತು. ಈ ಮಾತನ್ನು ಅವನು ಸಾಯುವವರೆಗೂ ಎತ್ತಿ ಆಡುತ್ತಾನೆಂದು ಗೊತ್ತಿದ್ದೂ ಅವಳು ಖಾಲಿ ಚೀಲವನ್ನು ಅವನ ಕೈಗಿತ್ತು ಕೋಟು ತೊಟ್ಟಳು.

ಅವಳ ಮೈ ತಂಗಿಗಿಂತ ದಪ್ಪ, ಗುಂಡಿ ಹಾಕುವ ಪ್ರಶ್ನೆಯೇ ಇರಲಿಲ್ಲ. ಮೆತ್ತೆಯ ದೆಸೆಯಿಂದ ಬಲ ಹೆಗಲು ಗೂನಿನಂತೆ ಮೇಲೆದ್ದು ಹೊಲಿಗೆ ಜಗ್ಗತೊಡಗಿತು. ಅದು ಜಗ್ಗದಿರಬೇಕಾದರೆ ಒಂದೇ ದಾರಿ, ಅವಳು ತನ್ನ ಬಲ ಹೆಗಲನ್ನು ತಗ್ಗಿಸಿದಳು. ಕೋಟು ಸರಿಯಾಗಿ ಕೂತಿತು. ತಪಾಸಣೆಯವರು ಬಿಚ್ಚಿ ಎಂದಾಗ ಬಿಚ್ಚಿ, ತಟ್ಟೆಯಲ್ಲಿ ಎಳೆಮಗುವಿನ ಹಾಗೆ ಮಲಗಿಸಿ, ಮತ್ತೆ ತೊಟ್ಟು ಮತ್ತೆ ಹೆಗಲು ತಗ್ಗಿಸಿದಳು.

ಎರಡೂ ವಿಮಾನಗಳಲ್ಲಿ ಅವಳು ಬೆನ್ನು ಒರಗಿಸಲಿಲ್ಲ. ಕತ್ತು ಸೆಟೆದುಕೊಂಡಿತು, ಸೊಂಟ ಹಿಡಿದುಕೊಂಡಿತು. ಸೀಟುಗಳ ನಡುವಿನ ದಾರಿಯಲ್ಲಿ ನಿಂತಾಗ ಹಿಂದಿನ ಸೀಟಿನವರು ತನ್ನ ಬೆನ್ನನ್ನೇ ನೋಡುತ್ತಿದ್ದಾರೆಂದು ಅನ್ನಿಸಿ ಮೈ ಮುದುಡಿತು. ಇಷ್ಟು ವರ್ಷ ತಂಗಿಯ ಹೆಗಲನ್ನು ಅಳೆದಿದ್ದಳೇ ಹೊರತು ಹೊತ್ತು ನೋಡಿರಲಿಲ್ಲ. ಶಾಲು ಬಿಸಾಡು, ನೆಟ್ಟಗೆ ನಡಿ ಎಂದು ಎಷ್ಟು ಸಲ ಗದರಿದ್ದಳೋ. ನೆನೆದು ಅವಳಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ತಂಗಿಯ ಮೇಲೆ ಅಕ್ಕರೆ ಉಕ್ಕಿತು.

ಇಳಿದ ಮೇಲೆ ದೊಡ್ಡ ಪೆಟ್ಟಿಗೆ ಬರಲೇ ಇಲ್ಲ. ನಡುವಿನ ಊರಲ್ಲೇ ಉಳಿದಿದೆ, ನಾಳಿದ್ದು ಬರುತ್ತದೆ ಎಂದರು. ನಿಧಾನವಾಗಿ ಬರಲಿ ಬಿಡಿ ಎಂದು ಟೇಪಕ್ಕ ಹೊರಗೆ ನಡೆದಳು.

ಕಂಬಿಯಾಚೆ ಶಾಲು ಹೊದ್ದು ನಿಂತಿದ್ದ ತಂಗಿ, ಒಂದು ಹೆಗಲು ತಗ್ಗಿಸಿಕೊಂಡು ಬರುತ್ತಿದ್ದ ಅಕ್ಕನನ್ನು ಕಣ್ಣು ಮಿಟುಕಿಸದೆ ನೋಡಿದಳು.

“ನಾನು ನಡೆದ್ರೆ ಹೀಗೇ ಕಾಣ್ತೀನಾ ಅಕ್ಕ?”

“ಹೂಂ, ಹೀಗೇ.”

ತಂಗಿ ಕತ್ತು ಬಾಗಿಸಿ ಅಕ್ಕನ ಬೆನ್ನನ್ನೂ ನೋಡಿದಳು. “ಇಷ್ಟೇನಾ,” ಎಂದಳು ಆಮೇಲೆ. “ನಾನು ಇನ್ನೂ ಏನೇನೋ ಅಂದ್ಕೊಂಡಿದ್ದೆ.”

ಟೇಪಕ್ಕ ಕೋಟು ಬಿಚ್ಚಿ ಅಲ್ಲೇ ತೊಡಿಸಿದಳು. ಅಭ್ಯಾಸಬಲದಿಂದ ಕೈ ಕೊರಳಿನ ಟೇಪಿಗೆ ಹೋಯಿತು, ಅಳೆಯುವುದಕ್ಕೆ ಏನೂ ಇರಲಿಲ್ಲ. ತಂಗಿ ಶಾಲನ್ನು ಮಡಿಸಿ ಅಕ್ಕನ ಕೈಯಲ್ಲಿಟ್ಟಳು. ಆಮೇಲೆ, ದಾರಿ ಗೊತ್ತಿರುವುದು ತನಗಲ್ಲವೇ ಎಂದು ಹೇಳಿ, ಅಷ್ಟು ಜನರ ನಡುವೆ ಅಕ್ಕನನ್ನು ಹಿಂದೆ ಬಿಟ್ಟು ಮುಂದೆ ಮುಂದೆ ನಡೆದಳು.