ಪೀಡಿ ಸರ್ ಕೂಗುತ್ತಿದ್ದ ಮಾತು

ಕುಮಟೆಯ ಆ ಚಿಕ್ಕ ಕಾಲೇಜಿನಲ್ಲಿ ದೇವರಾಜ ನಾಯ್ಕರನ್ನು ಹೆಸರು ಹಿಡಿದು ಕರೆದವರು ಕಡಿಮೆ. ದೈಹಿಕ ಶಿಕ್ಷಣದ ನಿರ್ದೇಶಕರಾದ್ದರಿಂದ ಎಲ್ಲರ ಬಾಯಲ್ಲೂ ಅವರು ಪೀಡಿ ಸರ್. ಕಬಡ್ಡಿ ಆಡಿ ನೌಕರಿ ಹಿಡಿದವರು. ಹಳೆಯ ವಿದ್ಯಾರ್ಥಿಯೊಬ್ಬರು ಸಿಮೆಂಟು ನೆಲ ಹಾಕಿಸಿ ಎರಡು ರಿಂಗು ನಿಲ್ಲಿಸಿಕೊಟ್ಟ ಮೇಲೆ ಬಾಸ್ಕೆಟ್‌ಬಾಲ್ ಕಲಿತು, ಹುಡುಗರಿಗೆ ಕಲಿಸುತ್ತ, ಅದರಲ್ಲೇ ತಲೆ ನರೆಸಿಕೊಂಡವರು.

ಮುಂಜಾನೆ ದೇವರಿಗೆ ದೀಪ ಹಚ್ಚಿ ಬಂದು ಕೋರ್ಟಿನ ಅಂಚಿನ ಕಟ್ಟೆಯ ಮೇಲೆ ಕಣ್ಣು ಮುಚ್ಚಿ ಕೂರುವರು. ಹೊಸ ಹುಡುಗರು ಸರ್‌ಗೆ ನಿದ್ದೆ ಬಂತೆಂದು ಮುಸಿಮುಸಿ ನಗುವರು. "ದಿನೇಶ, ಎಡಗೈ ಎಂತಕ್ಕೆ ಇಟ್ಕಂಡಿದ್ದೆ, ಊಟಕ್ಕಾ? ಅದ್ರಲ್ಲೂ ಬಡಿ!" ಎಂದು ಕಣ್ಣು ತೆರೆಯದೆಯೇ ಗದರಿದಾಗ ನಗು ಅಲ್ಲೇ ನಿಲ್ಲುವುದು. ಚೆಂಡು ಯಾರ ಕೈಯಲ್ಲಿದೆ, ಯಾರ ಕಾಲು ಸೋತಿದೆ ಎಂಬುದೆಲ್ಲ ಅವರಿಗೆ ಕಿವಿಯಲ್ಲೇ ತಿಳಿಯುತ್ತಿತ್ತು.

ಆ ಕಿವಿ ಹುಟ್ಟೂರು ಮಾವಳ್ಳಿಯಿಂದ ಬಂದದ್ದು. ಅವರು ಸಣ್ಣವರಿದ್ದಾಗ ಪಕ್ಕದ ಮನೆಯ ಜಗಲಿಯಲ್ಲಿ ಸಂಜೆ ಹೊತ್ತು ಯಾರಾದರೂ ಪುರಾಣದ ಪದ್ಯ ಓದುತ್ತಿದ್ದರು. ತಾಯಿ ಈರಮ್ಮ ಗದ್ದೆ ಕೆಲಸ ಮುಗಿಸಿ ಬಂದು ಮಗನನ್ನು ಕಂಬದ ಬುಡದಲ್ಲಿ ಕೂರಿಸುತ್ತಿದ್ದಳು. "ಅರ್ಥ ಆಗ್ದಿದ್ರೂ ಅಡ್ಡಿಲ್ಲ, ಸುಮ್ನೆ ಕೇಳು" ಎನ್ನುವಳು. ಷಟ್ಪದಿಯ ಕಡೆಯ ಸಾಲಿಗೆ ಮುಂಚೆ ಓದುವವರು ಒಂದು ಉಸಿರು ನಿಲ್ಲಿಸುತ್ತಿದ್ದರು. ಅವರೊಡನೆ ಇಡೀ ಜಗಲಿಯೇ ಉಸಿರು ಹಿಡಿಯುತ್ತಿತ್ತು. ಆಮೇಲೆ ಸಾಲು ತಾನಾಗಿ ಬಂದು ಮಡಿಲಿಗೆ ಬೀಳುವುದು.

ನಾಯ್ಕರು ಆ ಉಸಿರನ್ನೇ ಕೋರ್ಟಿಗೆ ತಂದಿದ್ದರು. ಚೆಂಡು ಎಸೆಯುವ ಮುಂಚೆ ಕಾಲು ನೆಲ ಹಿಡಿಯಬೇಕು, ಉಸಿರು ಒಮ್ಮೆ ನಿಲ್ಲಬೇಕು. ಹುಡುಗನ ಪಕ್ಕದಲ್ಲಿ ನಿಂತು, ಎರಡೂ ಆಯಿತೇ ಎಂಬಂತೆ ಮೆಲ್ಲಗೆ "ಆತಾ?" ಎಂದು ಕೇಳುವರು. "ಆತು ಸರ್" ಎಂದ ಮೇಲೇ ಚೆಂಡು ಕೈ ಬಿಡಬೇಕು. ಅಭ್ಯಾಸದಲ್ಲಿ ಇದು ಚೆನ್ನಾಗಿಯೇ ನಡೆಯುತ್ತಿತ್ತು. ಪಂದ್ಯದಲ್ಲಿ ಮಾತ್ರ ಎಲ್ಲಿಯೋ ಏನೋ ತಪ್ಪುತ್ತಿತ್ತು. ವಲಯ ಪಂದ್ಯಾವಳಿಗೆ ಪ್ರತಿ ವರ್ಷ ಹೋಗುವುದು, ಪ್ರತಿ ವರ್ಷ ಮೊದಲ ಸುತ್ತಿನಲ್ಲೇ ಸೋತು ಬರುವುದು.

"ಬೆಳಿಗ್ಗೆ ಹೋಗಿ ಮಧ್ಯಾಹ್ನದ ಊಟಕ್ಕೆ ತಿರುಗಿ ಬರೂ ತಂಡ ನಮ್ದು" ಎಂದು ಕ್ಯಾಂಟೀನಿನ ವೆಂಕಟ್ರಮಣ ಚೇಷ್ಟೆ ಮಾಡುವನು. "ನೀವು ಹೇಳೂದೇ ಬೇಡ ಸರ್, ಅಕ್ಕಿ ಹಾಕೇ ಇಡ್ತೆ."

ಈ ವರ್ಷ ನಾಯ್ಕರಿಗೆ ಕೊನೆಯದು. ಬೇಸಿಗೆಗೆ ನಿವೃತ್ತಿ. ಒಂದೇ ಒಂದು ಸಲ ಮೊದಲ ಸುತ್ತು ದಾಟಿದರೆ ಸಾಕು ಎಂಬ ಆಸೆ ಅವರ ಎದೆಯಲ್ಲಿ ಮುಳ್ಳಿನಂತೆ ಕೂತಿತ್ತು. ಇಷ್ಟು ಸಣ್ಣದನ್ನು ದೇವರ ಹತ್ತಿರ ಹೇಗೆ ಬೇಡುವುದೆಂದು ಸಂಕೋಚವಾಗಿ, ಬಾಯಿ ಬಿಟ್ಟು ಕೇಳದೆ, ದೀಪಕ್ಕೆ ಎಣ್ಣೆಯನ್ನಷ್ಟೇ ತುಸು ಹೆಚ್ಚು ಹಾಕಿ ಹೊರಟರು.

ಪಂದ್ಯ ಹೊನ್ನಾವರದಲ್ಲಿ. ಎದುರಿಗೆ ಘಟ್ಟದ ಮೇಲಿನ ಕಾಲೇಜು. ಒಬ್ಬೊಬ್ಬನೂ ತೆಂಗಿನ ಸಸಿಯಂತೆ ಉದ್ದ. ನಾಯ್ಕರ ತಂಡದಲ್ಲಿ ಕೈಗುರಿಯಿದ್ದವನೆಂದರೆ ತದಡಿಯ ಸಂಜಯ ತಾಂಡೇಲ. ಮೀನುಗಾರರ ಮನೆಯವನು, ಆ ವರ್ಷವೇ ಸೇರಿದವನು. ಚೆಂಡು ಅವನ ಕೈಗೆ ಬಂದಾಗಲೆಲ್ಲ ನಾಯ್ಕರು ಕೋರ್ಟಿನ ಆಚೆಯಿಂದ "ಆತಾ!" ಎಂದು ಕೂಗಿ ಕೇಳುವರು. ಅವನು ನಿಂತೂ ನಿಲ್ಲದೆ ಚೆಂಡು ಎಸೆದುಬಿಡುವನು. ಅದು ರಿಂಗಿನ ಕಬ್ಬಿಣಕ್ಕೆ ಬಡಿದು ಹೊರಗೆ ಹಾರುವುದು. ಅರ್ಧ ಆಟ ಮುಗಿಯುವಾಗ ತಂಡ ಹಿಂದೆ ಬಿದ್ದಿತ್ತು.

"ಎಂತ ಮಾರಾಯ ನೀನು?" ನಾಯ್ಕರಿಗೆ ತಡೆಯಲಾಗಲಿಲ್ಲ. "ಕಾಲು ನಿಂತಿಲ್ಲ, ಉಸಿರು ನಿಂತಿಲ್ಲ. ಕೆಂಡ ಮುಟ್ಟಿದೋರ ಹಂಗೆ ಒಗಿತೆ?"

"ನೀವೇ ಹೇಳಿದ್ರಲ ಸರ್!"

"ನಾ ಎಂತ ಹೇಳ್ದೆ?"

"ಆತಾ ಅಂದ್ರಿ."

"ಹೌದಪ್ಪ, ಅಂದೆ. ಆತಾ ಅಂದ್ರೆ ಎಂತ?"

"ಈಗ! ಈಗ್ಲೇ ಹೊಡಿ ಅಂತ!"

ನೀರು ಕುಡಿಯುತ್ತಿದ್ದ ದಿನೇಶನಿಗೆ ನೀರು ಮೂಗಿಗೆ ಹತ್ತಿತು. "ಸರ್, ಇವ್ರ ಮನೇಲಿ ಕೊಂಕಣಿ ಅಲಾ! ಕೊಂಕಣಿಲಿ ಆತಾ ಅಂದ್ರೆ ಈಗ!"

"ಕಾಲೇಜಲ್ಲಿ ಕನ್ನಡವೇ ಮಾತಾಡ್ತಾ ಅಲ್ಲ ಇವ?"

"ಕನ್ನಡ ಬರ್ತದೆ ಸರ್" ಎಂದ ಸಂಜಯ, ಟವೆಲಿನಿಂದ ಮುಖ ಒರೆಸುತ್ತ. "ಆದ್ರೆ ಈ ತೆಂಗಿನ ಮರಗಳೆಲ್ಲ ಮೈಮೇಲೆ ಬಿದ್ದಾಗ, ಇದು ಕನ್ನಡದ ಆತಾನೋ ಕೊಂಕಣಿ ಆತಾನೋ ಅಂತ ಯೋಚ್ನೆ ಮಾಡೂಕೆ ಆಗ್ತದಾ?"

ಹುಡುಗರೆಲ್ಲ ಬಿದ್ದು ಬಿದ್ದು ನಕ್ಕರು. ನಾಯ್ಕರು ನಗಲಿಲ್ಲ. ಬೆಂಚಿನ ಮೇಲೆ ಕೂತುಬಿಟ್ಟರು. ಅವರಿಗೆ ಪಾಂಡು ನೆನಪಾದ. ಎಷ್ಟೋ ವರ್ಷಗಳ ಹಿಂದೆ ಬಂದರಿನ ಕೇರಿಯಿಂದ ಆಡಲು ಬರುತ್ತಿದ್ದ ಹುಡುಗ, ಅವರು ಕಂಡ ಕೈಗಳಲ್ಲೆಲ್ಲ ಒಳ್ಳೆಯ ಕೈ. ಪೇಟೆಯ ಶ್ರೀಕೃಷ್ಣ ನೆನಪಾದ. ಇಬ್ಬರ ಮನೆಯಲ್ಲೂ ಕೊಂಕಣಿಯೇ. ಇಬ್ಬರೂ ಪಂದ್ಯದಲ್ಲಿ ಹೀಗೆಯೇ ಅವಸರ ಮಾಡುತ್ತಿದ್ದರು. ಹತ್ತಿರ ನಿಂತು ಕೇಳುವಾಗ ಮಾತಿಗೆ ಪ್ರಶ್ನೆಯ ಬಾಲವಿರುತ್ತಿತ್ತು. ದೂರದಿಂದ ಕೂಗುವಾಗ ಆ ಬಾಲ ಕತ್ತರಿಸಿ ಹೋಗಿ, ಮಾತು ಅಪ್ಪಣೆಯಾಗುತ್ತಿತ್ತು. ಎಲ್ಲರ ಸದ್ದನ್ನೂ ಕೇಳುತ್ತ ಬಂದ ಕಿವಿ ತನ್ನದೇ ಬಾಯಿಯ ಒಂದು ಮಾತನ್ನು ಕೇಳಿಸಿಕೊಂಡಿರಲಿಲ್ಲ.

"ಪಾಂಡುಗೆ ಎಷ್ಟು ಬೈದಿದ್ದೆ, ದೇವ್ರೇ" ಎಂದರು, ತಮ್ಮಷ್ಟಕ್ಕೆ.

"ಹಂಗಾದ್ರೆ ಈಗ ಎಂತ ಕೂಗ್ತ್ರಿ ಸರ್?" ದಿನೇಶ ಕೇಳಿದ.

"ಎಂತದೂ ಇಲ್ಲ. ಬಾಯಿ ಮುಚ್ಕಂಡು ಕೂತ್ಕಣ್ತೆ. ಉಸಿರು ನಿಂತ್ತಾ ಇಲ್ವಾ ನೀವೇ ನೋಡ್ಕಣಿ."

ಹಾಗೆಯೇ ಕೂತರು, ಕಣ್ಣು ಮುಚ್ಚಿ. ಬೂಟಿನ ಕಿರುಗು, ಚೆಂಡಿನ ಬಡಿತ, ರೆಫ್ರಿಯ ಸೀಟಿ. ಹೊತ್ತು ಹೋದಂತೆ ಬಡಿತಕ್ಕೊಂದು ನಡೆ ಬಂತು. ಕಬ್ಬಿಣದ ಸದ್ದು ಕಡಿಮೆಯಾಗಿ ನೆಟ್ಟಿನ ಸದ್ದು ಹೆಚ್ಚಿತು. ಅಂತರ ಕರಗುತ್ತ ಕರಗುತ್ತ ಒಂದು ಪಾಯಿಂಟಿಗೆ ಬಂದು ನಿಂತಿತು. ಆಟ ಮುಗಿಯಲು ಇನ್ನು ಗಳಿಗೆಯೂ ಇಲ್ಲ ಎನ್ನುವಾಗ ಚೆಂಡು ಸಂಜಯನ ಕೈಗೆ ಬಂತು. ಬೂಟಿನ ಸದ್ದು ನಿಂತದ್ದು ನಾಯ್ಕರಿಗೆ ಕೇಳಿಸಿತು. ಕಣ್ಣು ತೆರೆದರು. ಹುಡುಗ ಬೆಂಚಿನ ಎದುರಿಗೇ ಇದ್ದ, ಕಾಲು ಊರಿ.

"ಸರ್, ಆತಾ?" ಎಂದ. ಈ ಸಲ ಅದು ಅಪ್ಪಟ ಕನ್ನಡ, ಪ್ರಶ್ನೆಯ ಬಾಲ ಸಮೇತ.

ಜಗಲಿಯಲ್ಲಿ ಉಸಿರು ಹಿಡಿದಂತೆ ಹಿಡಿದಿದ್ದ ನಾಯ್ಕರು ಎದ್ದು ನಿಂತು, ಹುಟ್ಟಿದಂದಿನಿಂದ ಮೊದಲ ಬಾರಿಗೆ, ಕೊಂಕಣಿಯಲ್ಲಿ ಕೂಗಿದರು:

"ಆತಾ!"

ಚೆಂಡು ಕಬ್ಬಿಣ ಮುಟ್ಟಲಿಲ್ಲ. ನೆಟ್ಟಿನಲ್ಲಿ ಸರ್ರೆಂದು ಇಳಿಯಿತು, ಕಡೆಯ ಸಾಲು ಮಡಿಲಿಗೆ ಬಿದ್ದ ಹಾಗೆ.

ಮಧ್ಯಾಹ್ನದ ಎರಡನೆಯ ಸುತ್ತಿನಲ್ಲಿ ಚೆನ್ನಾಗಿ ಹೊಡೆತ ತಿಂದರು. ಯಾರಿಗೂ ಬೇಸರವಿರಲಿಲ್ಲ. ಸಂಜೆಯ ಬಸ್ಸಿಗೆ ಕುಮಟೆಗೆ ಬಂದಾಗ ವೆಂಕಟ್ರಮಣ ಕ್ಯಾಂಟೀನಿನ ಬಾಗಿಲಲ್ಲಿ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದ.

"ಎಲ್ಲಿ ಹಾಳಾಗಿ ಹೋಗಿದ್ರಾ? ಮಧ್ಯಾಹ್ನದಿಂದ ಅನ್ನ ಕಾಯ್ತಾ ಅದೆ ಇಲ್ಲಿ!" ಎಂದವನು, ಒಬ್ಬೊಬ್ಬರ ಮುಖ ನೋಡಿ ದನಿ ತಗ್ಗಿಸಿದ. "ಅಂದ್ರೆ... ಗೆದ್ರಾ?"

ದಿನೇಶ ಹಲ್ಲು ಕಿರಿಯುತ್ತ ಒಂದು ಬೆರಳು ಎತ್ತಿ ತೋರಿಸಿದ. ವೆಂಕಟ್ರಮಣನ ಕಣ್ಣು ತುಂಬಿ ಬಂತು. ಕಣ್ಣೊರೆಸಿಕೊಂಡು, ದಿನವೂ ಕೇಳುವುದನ್ನೇ ಕೇಳಿದ: "ಊಟ ಆತಾ ಸರ್?"

"ಹೌದು, ಈಗ್ಲೇ!" ಎನ್ನುತ್ತ ಸಂಜಯ ಬೆಂಚು ಎಳೆದು ಕೂತ.

ನಗು ಹೊರಗಿನ ರಸ್ತೆಗೂ ಕೇಳಿತು. ವೆಂಕಟ್ರಮಣ ಒಂದೂ ಅರ್ಥವಾಗದೆ ಪಿಳಿಪಿಳಿ ನೋಡಿ, ತಣ್ಣಗಾದ ಅನ್ನವನ್ನೇ ಬಡಿಸತೊಡಗಿದ. ನಾಯ್ಕರು ಅನ್ನಕ್ಕೆ ಸಾರು ಕಲಸುತ್ತ ಕೇಳಿದರು:

"ವೆಂಕಟ್ರಮಣ, ನಮ್ಮ ಪಾಂಡು ನಂಬರ್ ನಿನ್ನತ್ರ ಅದ್ಯಾ?"