ತೊಳೆದ ದೀಪ

ಕೊಲ್ಲಿ ದೇಶದ ಸೋಹಾರ್ ಪಟ್ಟಣದ ಹತ್ತಿರ ನಾವು ಕೂಲಿಗಿದ್ದ ಪುರಾತತ್ವದ ಅಗೆತದಲ್ಲಿ ರೋಮನ್ನರ ಕಾಲದ ಮಣ್ಣಿನ ಎಣ್ಣೆದೀಪ ಸಿಕ್ಕಿದ್ದು ಈರಪ್ಪ ಕಾಕಾನಿಗೆ. ಕಾಕಾ ಅದನ್ನು ನೀರಿನ ಡ್ರಮ್ಮಿನ ಬಳಿ ಒಯ್ದು, ಮೂತಿಯ ಮಸಿಯನ್ನೆಲ್ಲ ತೆಂಗಿನ ನಾರಿನಿಂದ ತಿಕ್ಕಿ ತೊಳೆದು, ಎರಡೂ ಕೈಯಲ್ಲಿ ಹಿಡಿದು ತಂದು ಸೂಪರ್‌ವೈಸರ್ ಎಲಿಯಾಸರಿಗೆ ತೋರಿಸಿದ.

ಎಲಿಯಾಸರು ತಲೆಯ ಮೇಲೆ ಕೈ ಹೊತ್ತರು. "ಎಂತ ಮಾಡಿದಿ ಮಾರಾಯಾ? ಯಾವ ಎಣ್ಣೆ ಉರಿಸಿದ್ರು ಅಂತ ಆ ಮಸಿಯೇ ಹೇಳ್ಬೇಕಿತ್ತು. ಖಲಾಸ್. ನಾಳೆಯಿಂದ ನೀನು ಬರ್ಬೇಡ."

"ಮಸಿ ಹಿಡಿದ ದೀಪ ಯಾರ ಕೈಗೂ ಕೊಡಬಾರ್ದ್ರೀ ಸಾಹೇಬ್ರ," ಎಂದ ಕಾಕಾ. "ನಮ್ಮವ್ವ ಬಡದು ಕಲಿಸ್ಯಾಳ."

ನನ್ನ ಮೈ ಉರಿಯಿತು. "ತೊಳೀಬಾರ್ದು ಅಂತ ಅವಂಗ ಯಾರ್ ಹೇಳ್ಯಾರ್ರೀ?"

"ಆರ್ಕಿಯಾಲಜಿ ಮೇಡಂ ಮೊದಲ ದಿನವೇ ಇಂಗ್ಲಿಷಿನಲ್ಲಿ ಹೇಳಿದ್ದಾರೆ. ನಿಮ್ಮವರಿಗೆ ಕನ್ನಡದಲ್ಲಿ ತಿಳಿಸ್ಲಿಕ್ಕೆ ನಿನ್ನನ್ನೇ ನಿಲ್ಲಿಸಿದ್ದು. ತಲೆ ಆಡಿಸಿದವ ನೀನಲ್ವಾ?"

ಹೌದು, ಆಡಿಸಿದ್ದೆ. ಆರನೇ ಇಯತ್ತೆಗೆ ಶಾಲೆ ಬಿಟ್ಟವನೆಂದು ಗೊತ್ತಾದರೆ ಮತ್ತೆ ಮಣ್ಣು ಹೊರಲು ಕಳಿಸುತ್ತಾರೆಂದು, ಒಂದು ಮಾತೂ ತಿಳಿಯದೆ ಆಡಿಸಿದ್ದೆ. ಆಮೇಲೆ ನಮ್ಮವರಿಗೆ 'ಹುಷಾರಾಗಿ ಅಗೀಬೇಕಂತ' ಎಂದು ನನ್ನದೇ ಮಾತು ಹೇಳಿದ್ದೆ.

ಕಾಕಾ ನನ್ನತ್ತ ನೋಡಲಿಲ್ಲ. ದೀಪದ ಮೇಲೆ ಉಳಿದ ನೀರನ್ನು ಅಂಗಿಯ ತುದಿಯಿಂದ ಒರೆಸುತ್ತಿದ್ದ.

"ನನಗ ಇಂಗ್ಲಿಷ್ ಬರೂದಿಲ್ರೀ," ಎಂದೆ, ಎಲ್ಲರಿಗೂ ಕೇಳುವಂತೆ. "ತಪ್ಪು ನಂದು. ಕಾಕಾ ಇರ್ಲಿ."

ಎಲಿಯಾಸರು "ನಾಳೆ ಬಾ" ಎನ್ನುತ್ತ ಕಾಕಾನ ಕೈಯಿಂದ ದೀಪ ತೆಗೆದುಕೊಂಡು, ಮಣ್ಣಿನ ಬುಟ್ಟಿಯನ್ನು ನನ್ನ ಕಡೆ ದೂಡಿದರು.